ಕೆನಡಾದ ಮಕ್ಕಳು, ಕೆಲಸದ ಕನಸು

ಕೇಳುಗರಿಗೆ ನಮಸ್ಕಾರ.

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಹೆಚ್ಚಿನವರ ಮನೆಮಾತು ಫ್ರೆಂಚ್. ಪಕ್ಕದ ಒಂಟಾರಿಯೊದಲ್ಲಿ ಇಂಗ್ಲಿಷ್. ಇಂಗ್ಲಿಷ್ ಹುಡುಗರಿಗೆ ದುಡ್ಡು, ವ್ಯಾಪಾರದ ಆಸೆ. ಫ್ರೆಂಚ್ ಹುಡುಗರಿಗೆ ಮನೆ, ಊರು, ನೆಮ್ಮದಿ ಸಾಕು ಅಂತ ಒಂದು ಹಳೇ ಮಾತಿದೆ. ಇದನ್ನು ಕೇಳಿದರೆ ನನಗೆ ರೇಗುತ್ತದೆ. ಯಾವ ಬಾಗಿಲು ತೆರೆದಿದೆಯೋ ಅದನ್ನು ನೋಡಿಯೇ ಮಕ್ಕಳು ಆಸೆಪಡುತ್ತಾರೆ. ಇವತ್ತು ನಾನು ಹೇಳಬೇಕಾದ್ದು ಇದೊಂದೇ.

1962ರ ನವೆಂಬರ್. ಕೆನಡಾದ ಸರ್ಕಾರಿ ರೈಲ್ವೆಯ ಮುಖ್ಯ ಕಚೇರಿ ಇದ್ದದ್ದು ಕ್ವಿಬೆಕ್‌ನ ಮಾಂಟ್ರಿಯಲ್‌ನಲ್ಲೇ. ಅಲ್ಲಿ 17 ಮಂದಿ ಉಪಾಧ್ಯಕ್ಷರು. ಫ್ರೆಂಚ್ ಮನೆಮಾತಿನವರು ಎಷ್ಟು ಜನ? ಒಬ್ಬರೂ ಇಲ್ಲ! ಯಾಕೆ ಸ್ವಾಮಿ ಅಂತ ಸಂಸದೀಯ ಸಮಿತಿಯಲ್ಲಿ ಕೇಳಿದರು. ರೈಲ್ವೆಯ ಅಧ್ಯಕ್ಷ ಡೊನಾಲ್ಡ್ ಗಾರ್ಡನ್, ನಾವು ಬಡ್ತಿ ಕೊಡೋದು ಅರ್ಹತೆ ನೋಡಿ ಅಂದುಬಿಟ್ಟರು. ಅಂದರೆ ಇವರಿಗೆ ಅರ್ಹತೆ ಇಲ್ಲ ಅಂತ ತಾನೆ? ವಿದ್ಯಾರ್ಥಿಗಳು ಸುಮ್ನಿರುತ್ತಾರಾ? ಮಾಂಟ್ರಿಯಲ್‌ನ ಬೀದಿಗಿಳಿದರು, ಅವರ ಪ್ರತಿಕೃತಿ ಸುಟ್ಟರು. ಈಗ ಯೋಚಿಸಿ. ಆ ಊರಿನ ಹದಿನಾರರ ಹುಡುಗನನ್ನು ನೀನು ಏನಾಗ್ತೀಯಪ್ಪ ಅಂತ ಕೇಳಿದರೆ ರೈಲ್ವೆ ಉಪಾಧ್ಯಕ್ಷ ಅನ್ನುತ್ತಾನಾ? ಪಾದ್ರಿ, ವಕೀಲ, ಡಾಕ್ಟರ್ ಅನ್ನುತ್ತಾನೆ. ಅವನಿಗೆ ಕಾಣುತ್ತಿದ್ದ ಬಾಗಿಲು ಅವೇ.

ಅದೇ ತಿಂಗಳು ಕ್ವಿಬೆಕ್‌ನಲ್ಲಿ ಚುನಾವಣೆಯೂ ನಡೆಯಿತು. ಖಾಸಗಿ ವಿದ್ಯುತ್ ಕಂಪನಿಗಳನ್ನು ಪ್ರಾಂತ್ಯವೇ ವಹಿಸಿಕೊಳ್ಳಬೇಕು ಅನ್ನುವುದೇ ಅದರ ದೊಡ್ಡ ವಿಷಯ. ಹಾಗೆ ಕೇಳಿದ ಪಕ್ಷ ಗೆದ್ದಿತು. ಪ್ರಾಂತ್ಯದ ಸರ್ಕಾರಿ ವಿದ್ಯುತ್ ಸಂಸ್ಥೆ ಹೈಡ್ರೋ-ಕ್ವಿಬೆಕ್ ಬೆಳೆಯಿತು. ಮ್ಯಾನಿಕ್-5 ಅಣೆಕಟ್ಟು ಎದ್ದಿತು. ಅಲ್ಲಿ ಎಂಜಿನಿಯರುಗಳು ಫ್ರೆಂಚ್‌ನಲ್ಲೇ ಕೆಲಸ ಮಾಡಿದರು. ನೋಡಿದಿರಾ? ಬಾಗಿಲು ತೆರೆದ ಮೇಲೆ ಎಂಜಿನಿಯರ್ ಆಗುವುದು ಫ್ರೆಂಚ್ ಮಕ್ಕಳಿಗೂ ಕನಸಾಯಿತು.

ಅಯ್ಯೋ, ರೈಲ್ವೆ ಕಥೆಯಲ್ಲೇ ಸಮಯ ಹೋಯಿತು. ಶಾಲೆಯ ವಿಷಯ ಬೇಗ ಮುಗಿಸುತ್ತೇನೆ.

ಒಂಟಾರಿಯೊದಲ್ಲಿ 12ನೇ ತರಗತಿ ಮುಗಿಸಿ ನೇರ ವಿಶ್ವವಿದ್ಯಾಲಯಕ್ಕೆ ಹೋಗಬಹುದು. ಕ್ವಿಬೆಕ್‌ನಲ್ಲಿ ಶಾಲೆ 11ಕ್ಕೇ ಮುಗಿಯುತ್ತದೆ. ಆಮೇಲೆ ಸೆಜೆಪ್ ಎಂಬ ಕಾಲೇಜು. 1967ರಲ್ಲಿ ಶುರುವಾದದ್ದು. ವಿಶ್ವವಿದ್ಯಾಲಯಕ್ಕೆ ಹೋಗುವವರಿಗೆ ಎರಡು ವರ್ಷ, ನರ್ಸಿಂಗ್‌ನಂಥ ಕಸುಬು ಕಲಿಯುವವರಿಗೆ ಮೂರು ವರ್ಷ. ಎಲ್ಲ ಒಂದೇ ಕಾಲೇಜಿನಲ್ಲಿ. ಹದಿನೇಳಕ್ಕೆ ಒಬ್ಬಳು ಮೂರು ವರ್ಷದ ಕೋರ್ಸ್ ಆರಿಸಿಕೊಂಡರೆ, ಪಾಪ, ಮಹತ್ವಾಕಾಂಕ್ಷೆ ಇಲ್ಲ ಅನ್ನಬೇಡಿ. ಅವಳ ಮುಂದೆ ಆ ಬಾಗಿಲೂ ಇದೆ, ಅಷ್ಟೇ.

ಮಾಂಟ್ರಿಯಲ್‌ಗೆ ನೆಲೆಸಲು ಹೊರಟ ಕನ್ನಡದ ಅಪ್ಪ-ಅಮ್ಮಂದಿರು ಯಾರಾದರೂ ಕೇಳುತ್ತಿದ್ದರೆ, 1977ರ ಭಾಷಾ ಕಾನೂನಿನ ಪ್ರಕಾರ ವಲಸೆ ಬಂದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಹೋಗಬೇಕು. ಸೆಜೆಪ್ ಅಂದರೇನು ಅಂತ ಹೊರಡುವ ಮೊದಲೇ ತಿಳಿದುಕೊಳ್ಳಿ. ನಮಸ್ಕಾರ.