ಕಂಬದ ಪಕ್ಕ ನೋಡಿ

ಕೇಳುಗರಿಗೆ ನಮಸ್ಕಾರ.

ಬಾವುಟ ಏರಿಸುವ ಹಗ್ಗ ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ಏರಿಸಬೇಕಾದದ್ದು ಬೇರೆ ದೇಶದ ಬಾವುಟ, ಆ ದೇಶದ ಅತಿಥಿಗಳು ಇನ್ನೇನು ಬರುತ್ತಾರೆ. ಬಾವುಟ ತಲೆಕೆಳಗಾಗಿದೆಯೋ, ಸರಿಯಿದೆಯೋ, ತಿಳಿಯುವುದು ಹೇಗೆ? ಇವತ್ತು ನಾನು ಹೇಳಲು ಬಂದಿರುವುದು ಒಂದೇ ಮಾತು. ಕಂಬದ ಪಕ್ಕ ನೋಡಿ.

ಎಡ, ಬಲ ಅಂತ ನೆನಪಿಟ್ಟುಕೊಳ್ಳಬೇಡಿ. ಬಾವುಟಕ್ಕೆ ಎರಡು ಮುಖ. ನಿಮಗೆ ಎಡಕ್ಕೆ ಕಂಡದ್ದು ಆಚೆ ನಿಂತವರಿಗೆ ಬಲಕ್ಕೆ ಕಾಣುತ್ತದೆ. ಆದರೆ ಕಂಬಕ್ಕೆ ಕಟ್ಟಿದ ಅಂಚು ಯಾವ ಕಡೆಯಿಂದ ನೋಡಿದರೂ ಕಂಬಕ್ಕೆ ಕಟ್ಟಿದ ಅಂಚೇ.

ಬ್ರಿಟನ್ನಿನ ಬಾವುಟ ತೆಗೆದುಕೊಳ್ಳಿ. 1801ರಿಂದ ಇರುವ ರೂಪ ಅದು. ಅದರ ಕೆಂಪು ಓರೆಪಟ್ಟಿಗಳು ಬಿಳಿಯ ನಟ್ಟನಡುವೆ ಕೂತಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದಿವೆ. ಹಾಗಾಗಿ ಕೆಂಪಿನ ಒಂದು ಬದಿಗೆ ಬಿಳಿ ಅಗಲ, ಇನ್ನೊಂದು ಬದಿಗೆ ಕಿರಿದು. ಕಂಬದ ಪಕ್ಕದ ಅರ್ಧದಲ್ಲಿ ಅಗಲದ ಬಿಳಿ ಕೆಂಪಿನ ಮೇಲಿರಬೇಕು. ಆಚೆಯ ಅರ್ಧದಲ್ಲಿ ಇದು ಪೂರ್ತಿ ಉಲ್ಟಾ. ಪಟಪಟ ಹಾರುವ ತುದಿಯನ್ನು ನೋಡಿ "ಸರಿಯಾಗಿದೆ" ಅನ್ನುವವರನ್ನು ನಾನು ಎಷ್ಟೋ ಸಲ ತಡೆದಿದ್ದೇನೆ. ತುದಿ ಬೇಡ ಸ್ವಾಮಿ, ಕಂಬದ ಪಕ್ಕ ನೋಡಿ.

ಈಗ ನನಗೆ ಬಹಳ ಪ್ರಿಯವಾದ ಒಂದು ಕಥೆ. ಥಾಯ್ಲೆಂಡಿಗೆ ಆಗ ಸಯಾಂ ಅನ್ನುತ್ತಿದ್ದರು. ಅವರ ಬಾವುಟ ಕೆಂಪು, ನಡುವೆ ಬಿಳಿ ಆನೆ. 1916ರಲ್ಲಿ ಉತೈ ಥಾನಿ ಎಂಬ ಊರಿಗೆ ನೆರೆ ಬಂದಿತ್ತು. ರಾಜ ವಜಿರಾವುಧ ಅಲ್ಲಿಗೆ ಹೋದರು. ಬರುವುದು ದೊರೆ ಅಲ್ಲವೇ, ಜನ ನೀರಿನ ನಡುವೆಯೂ ಸಡಗರದಿಂದ ಬಾವುಟ ಕಟ್ಟಿದರು. ಅದರಲ್ಲಿ ಒಂದು ಮನೆಯ ಬಾವುಟ ರಾಜರ ಕಣ್ಣಿಗೆ ಬಿತ್ತು. ಆನೆ ಬೆನ್ನಡಿಯಾಗಿ, ನಾಲ್ಕು ಕಾಲನ್ನೂ ಆಕಾಶಕ್ಕೆ ಎತ್ತಿಕೊಂಡಿತ್ತು! ಕಟ್ಟಿದವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ, ಕಟ್ಟುವ ಅವಸರದಲ್ಲಿ ಹಾಗಾಗಿತ್ತು. ರಾಜರು ಆ ಮನೆಯವರ ಮೇಲೆ ರೇಗಲಿಲ್ಲವಂತೆ, ಬಾವುಟವನ್ನೇ ಬದಲಿಸಲು ನಿರ್ಧರಿಸಿದರಂತೆ. 1917ರ ಸೆಪ್ಟೆಂಬರಿನಲ್ಲಿ ಹೊಸ ಬಾವುಟ ಬಂತು. ಕೆಂಪು, ಬಿಳಿ, ನಡುವೆ ಅಗಲವಾದ ನೀಲಿ, ಮತ್ತೆ ಬಿಳಿ, ಮತ್ತೆ ಕೆಂಪು. ಮೇಲೆ ಕೆಳಗೆ ಮಾಡಿ ಕಟ್ಟಿ, ಅದೇ ಬಾವುಟ. ಈ ಕಥೆ ಅಲ್ಲಿ ಇವತ್ತಿಗೂ ಪ್ರಚಲಿತ. ತಪ್ಪಾಗಿ ಕಟ್ಟಲು ಸಾಧ್ಯವೇ ಇಲ್ಲದ ಬಾವುಟ! ಎಷ್ಟು ಸಲ ಹೇಳಿದರೂ ನನಗೆ ಇದರ ಮೇಲಿನ ಆಸೆ ತೀರುವುದಿಲ್ಲ.

ನನ್ನ ಹೊತ್ತು ಮುಗಿಯುತ್ತ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಅಮೆರಿಕದ ನಕ್ಷತ್ರಗಳ ನೀಲಿ ಚೌಕ ಕಂಬದ ಪಕ್ಕದ ಮೇಲಿನ ಮೂಲೆಯಲ್ಲಿರಬೇಕು. ಐರ್ಲೆಂಡಿನದಾದರೆ ಕಂಬದ ಪಕ್ಕ ಹಸಿರು. ಕಿತ್ತಳೆ ಬಂದರೆ ಅದು ಐವರಿ ಕೋಸ್ಟ್ ಆಗಿಬಿಡುತ್ತದೆ. ಅಡ್ಡಪಟ್ಟಿಯವಕ್ಕೆ ಬಣ್ಣದ ಕ್ರಮ ಗೊತ್ತಿರಲೇಬೇಕು. ಪೋಲೆಂಡಿಗೆ ಬಿಳಿ ಮೇಲೆ, ಇಂಡೋನೇಷ್ಯಾಕ್ಕೆ ಕೆಂಪು ಮೇಲೆ. ಫಿಲಿಪ್ಪೀನ್ಸಿನದನ್ನು ಮಾತ್ರ ಎರಡು ಸಲ ನೋಡಿ. ಕಂಬದ ಪಕ್ಕ ಬಿಳಿ ತ್ರಿಕೋನ, ಅದು ಹೇಗೂ ಸರಿಯಾಗಿ ಕಾಣುತ್ತದೆ. ಆದರೆ ನೀಲಿ ಮೇಲಿದ್ದರೆ ಶಾಂತಿಕಾಲ, ಕೆಂಪು ಮೇಲಿದ್ದರೆ ದೇಶ ಯುದ್ಧದಲ್ಲಿದೆ ಎಂದರ್ಥ. 1998ರ ಅವರ ಕಾನೂನಿನಲ್ಲೇ ಹಾಗೆ ಬರೆದಿದೆ.

ಹಗ್ಗಕ್ಕೆ ಸಿಕ್ಕಿಸುವ ಮೊದಲೇ ಬಾವುಟವನ್ನು ಬಿಡಿಸಿ ನೋಡಿ. ಅರ್ಧ ಏರಿದ ಮೇಲೆ ತಪ್ಪು ಕಂಡರೂ ಸಂಕೋಚ ಬೇಡ. ಇಳಿಸಿ, ಗಂಟು ಬಿಚ್ಚಿ, ಸರಿಯಾಗಿ ಕಟ್ಟಿ, ಮತ್ತೆ ಏರಿಸಿ. ಅತಿಥಿಗಳು ಕಾಯುತ್ತಾರೆ.

ನಮಸ್ಕಾರ.