ಕೈಅಚ್ಚಿನ ಚಿತ್ರ: ಲಿನೋ ಹಲಗೆಯಿಂದ ಪ್ರದರ್ಶನದ ಗೋಡೆಗೆ

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯಲ್ಲಾಗಲಿ ಚಿತ್ರದುರ್ಗದಲ್ಲಾಗಲಿ ಅಚ್ಚಿನ ಚಿತ್ರಗಳ ಪ್ರದರ್ಶನ ಇಟ್ಟವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ಬಂದವರು ಚಿತ್ರ ನೋಡುತ್ತಾರೆ, ಕೆಳಗೆ ಪೆನ್ಸಿಲಿನಲ್ಲಿ ಬರೆದ 3/15 ಅನ್ನೋದನ್ನು ಓದುತ್ತಾರೆ, ಬೆಲೆ ನೋಡುತ್ತಾರೆ. ಆಮೇಲೆ, "ಹದಿನೈದು ಕಾಪಿ ಇದಾವೆ ಅಂದ್ರೆ ಇದು ಜೆರಾಕ್ಸೇ ಅಲ್ವೇನ್ರಿ?" ಅಂತಾರೆ. ದೃಶ್ಯಕಲಾ ಮಹಾವಿದ್ಯಾಲಯ ಇರುವ ಊರಲ್ಲೂ ಈ ಮಾತು ಬರುತ್ತದೆ. ಸಿಟ್ಟಾಗಬೇಕಿಲ್ಲ, ದುಡ್ಡು ಕೊಡುವವರು ಕೇಳಲೇಬೇಕಾದ ಪ್ರಶ್ನೆ ಅದು.

ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಛಾಪಖಾನೆ ಹಾಕಿ, ತೈಲಚಿತ್ರಗಳ ಪ್ರತಿಗಳನ್ನು ಮನೆಮನೆಗೆ ಮುಟ್ಟಿಸಿದರು. ಅಲ್ಲಿ ಮೂಲ ಚಿತ್ರ ಬೇರೆ, ಅಚ್ಚಾದದ್ದು ಅದರ ನಕಲು. ನಂದಲಾಲ್ ಬೋಸ್ 1930ರಲ್ಲಿ ಮಾಡಿದ, ಕೋಲು ಹಿಡಿದು ನಡೆಯುವ ಗಾಂಧೀಜಿಯ ಚಿತ್ರವನ್ನು ನೆನೆಸಿಕೊಳ್ಳಿ. ಅದು ಲಿನೋ ಎಂಬ ಮೆತ್ತನೆ ಹಾಳೆಯನ್ನು ಕೆತ್ತಿ ತೆಗೆದ ಅಚ್ಚು. ಆ ಕಪ್ಪು, ಉಳಿ ಬಿಟ್ಟುಹೋದ ಆ ಗೆರೆ ಬೇರೆ ದಾರಿಯಲ್ಲಿ ಬರುವಂಥದ್ದಲ್ಲ. ಕೆತ್ತಿದವರೇ ಮಸಿ ಹಚ್ಚಿ, ಕಾಗದ ಒತ್ತಿ, ಇಷ್ಟೇ ಪ್ರತಿ ಎಂದು ಲೆಕ್ಕ ಬರೆದು ನಿಲ್ಲಿಸಿದರೆ ಅಂಥ ಪ್ರತಿಯೊಂದೂ ಮೂಲಚಿತ್ರವೇ. ಆ ಲೆಕ್ಕ ಸುಳ್ಳಾದರೆ ಮಾತ್ರ ಜೆರಾಕ್ಸಿನ ಮಾತು ನಿಜವಾಗುತ್ತದೆ.

ಈಗ ಕೆಲಸಕ್ಕೆ ಬರೋಣ. ದೊಡ್ಡ ಪ್ರೆಸ್ ಇಲ್ಲದೆ, ಮನೆಯ ಒಂದು ಮೇಜಿನ ಮೇಲೆ ಆಗುವಂಥದ್ದು ಲಿನೋಕಟ್, ಅಂದರೆ ಲಿನೋಲಿಯಂ ಹಾಳೆ ಕೆತ್ತಿ, ಕೆತ್ತದೆ ಉಳಿದ ಉಬ್ಬಿಗೆ ಮಸಿ ಹಚ್ಚಿ ಕಾಗದಕ್ಕೆ ಒತ್ತುವುದು. ಲಿನೋಲಿಯಂ ಅನ್ನೋದು ಅಗಸೆ ಎಣ್ಣೆ, ಕಾರ್ಕ್ ಪುಡಿ, ಮರದ ಪುಡಿ ಕಲಸಿ ಸೆಣಬಿನ ಬಟ್ಟೆಯ ಮೇಲೆ ಒತ್ತಿದ ಹಾಳೆ. ಅಗಸೆ ಚಟ್ನಿಪುಡಿ ತಿನ್ನುವ ನಮ್ಮ ಕಡೆಯವರಿಗೆ ಆ ಎಣ್ಣೆಯ ವಾಸನೆ ಹೊಸದಲ್ಲ. ನೆಲಹಾಸಿನ ಅಂಗಡಿಯಲ್ಲಿ ಲಿನೋಲಿಯಂ ಅಂತ ಕೇಳಿದರೆ ಹೆಚ್ಚಾಗಿ ವಿನೈಲ್ ಕೊಡುತ್ತಾರೆ. ಹಿಂಬದಿಯಲ್ಲಿ ಸೆಣಬಿನ ನೇಯ್ಗೆ ಕಾಣುತ್ತದಾ, ಎಣ್ಣೆ ವಾಸನೆ ಇದೆಯಾ ನೋಡಿ ತಗೊಳ್ಳಿ. ದಪ್ಪ ಸುಮಾರು 3 ಮಿಲಿಮೀಟರ್ ಇರಲಿ. ಹಳೆಯ ದಾಸ್ತಾನು ಬೇಡ. ಎಣ್ಣೆ ವರ್ಷಗಟ್ಟಲೆ ಗಾಳಿಗೆ ಗಟ್ಟಿಯಾಗುತ್ತಲೇ ಹೋಗುತ್ತದೆ, ಅಂಥ ಹಾಳೆಯಲ್ಲಿ ಉಳಿ ಆಡಿಸಿದರೆ ಗೆರೆಯ ಅಂಚು ಪುಡಿಪುಡಿಯಾಗುತ್ತದೆ.

ಚಳಿಗಾಲದ ಬೆಳಗಿನಲ್ಲಿ ಹಾಳೆ ಬಿಗಿದುಕೊಂಡಿದ್ದರೆ ಐದು ನಿಮಿಷ ಬಿಸಿಲಿಗಿಟ್ಟರೆ ಸಾಕು. ಏಪ್ರಿಲ್, ಮೇ ತಿಂಗಳಲ್ಲಿ ಚಿತ್ರದುರ್ಗದ ಮಧ್ಯಾಹ್ನಕ್ಕೆ ಅದರ ಉಲ್ಟಾ ಕಷ್ಟ. ಹಾಳೆ ಮೆತ್ತಗಾಗಿ ಸಣ್ಣ ಗೆರೆಗಳು ಬಾಗುತ್ತವೆ. ಆ ಕಾಲದಲ್ಲಿ ಕೆತ್ತನೆ ಬೆಳಗ್ಗೆಯೇ ಮುಗಿಯಬೇಕು.

ಮೊದಲು 400 ನಂಬರಿನ ಪಾಲಿಶ್ ಕಾಗದದಿಂದ ಮೇಲ್ಮೈಯನ್ನು ಹಗುರವಾಗಿ ಉಜ್ಜಿ, ಒರೆಸಿ, ತೆಳುವಾಗಿ ಕೆಂಪು ಬಣ್ಣ ಸವರಿ. ಕೆತ್ತಿದ ಜಾಗ ಎದ್ದು ಕಾಣುತ್ತದೆ. ಚಿತ್ರವನ್ನು ಟ್ರೇಸಿಂಗ್ ಕಾಗದದ ಮೇಲೆ ಮೆತ್ತನೆ ಪೆನ್ಸಿಲಿನಲ್ಲಿ ಬರೆದು, ಬರೆದ ಮುಖವನ್ನು ಕೆಳಗೆ ಮಾಡಿ ಹಾಳೆಯ ಮೇಲಿಟ್ಟು ಹಿಂದಿನಿಂದ ಉಜ್ಜಿದರೆ ಎಡಬಲ ತಾನಾಗಿಯೇ ತಿರುಗುತ್ತದೆ. ಈ ಮೆಟ್ಟಿಲು ಬಿಟ್ಟು ನೇರ ಬರೆದರೆ ಕೋಟೆಯ ಬಾಗಿಲೂ ಬಂಡೆಯೂ ಎಡಬಲ ಅದಲುಬದಲಾಗುತ್ತವೆ. ಏಳು ಸುತ್ತಿನ ಕೋಟೆಯನ್ನು ದಿನಾ ನೋಡುವ ಜನ ಅದನ್ನು ಬಾಗಿಲಲ್ಲೇ ಹಿಡಿಯುತ್ತಾರೆ. ಕನ್ನಡ ಅಕ್ಷರ ಇದ್ದರೆ ಇನ್ನೂ ಹುಷಾರು. ಅಕ್ಷರವನ್ನು ತಿರುಗಿಸಿ ಕೆತ್ತಿ, ಅರ್ಕಾವತ್ತನ್ನು ಮಾತ್ರ ರೂಢಿಯ ಕೈಯಲ್ಲಿ ಬಲಕ್ಕೇ ಕೆತ್ತಿಬಿಡುವುದು ತೀರಾ ಸಾಮಾನ್ಯ. ಹಲಗೆಯ ಮೇಲೆ ಅದು ಎಡಕ್ಕೆ ಬರಬೇಕು. ಕೆತ್ತುವ ಮೊದಲು ಒಂದು ಕನ್ನಡಿ ಹಿಡಿದು ಓದಿಕೊಳ್ಳಿ.

ಉಳಿಗಳು ಮೂರು ಸಾಕು: ಸಣ್ಣ ಗೆರೆಗೆ 1 ಮಿಲಿಮೀಟರಿನ ವಿ ಆಕಾರದ್ದು, ನಡುವಿನ ಕೆಲಸಕ್ಕೆ 3 ಮಿಲಿಮೀಟರಿನ ಯು ಆಕಾರದ್ದು, ಖಾಲಿ ಜಾಗ ತೆಗೆಯಲು 8ರದ್ದು. ಒಂದು ಮರದ ಹಲಗೆಗೆ ನಿಮ್ಮ ಕಡೆಯ ತುದಿಯಲ್ಲಿ ಕೆಳಗೊಂದು ಪಟ್ಟಿ, ಆಚೆ ತುದಿಯಲ್ಲಿ ಮೇಲೊಂದು ಪಟ್ಟಿ ಹೊಡೆದುಕೊಳ್ಳಿ. ಕೆಳಪಟ್ಟಿ ಮೇಜಿನ ಅಂಚಿಗೆ ತಗುಲಿ ನಿಲ್ಲುತ್ತದೆ, ಮೇಲಿನ ಪಟ್ಟಿಗೆ ಲಿನೋ ಒರಗುತ್ತದೆ. ಲಿನೋ ಹಿಡಿದ ಕೈ ಯಾವಾಗಲೂ ಉಳಿಯ ಹಿಂದೆ ಇರಬೇಕು. ಅಂಗೈಯಲ್ಲಿ ಎಷ್ಟೋ ಗಾಯ ಮೊಂಡು ಉಳಿಯನ್ನು ಜೋರು ಮಾಡಿ ನೂಕಿದ್ದರಿಂದ ಆಗುವುದು. ಅರ್ಧ ಗಂಟೆಗೊಮ್ಮೆ ಪಾಲಿಶ್ ಸವರಿದ ಚರ್ಮದ ಪಟ್ಟಿಯ ಮೇಲೆ ಉಳಿಯನ್ನು ಹಿಂದಕ್ಕೆಳೆದು ಮಸೆಯಿರಿ. ಕೆತ್ತನೆಯ ಆಳ 1 ಮಿಲಿಮೀಟರಿಗಿಂತ ತುಸು ಹೆಚ್ಚಿದ್ದರೆ ಸಾಕು. ಉಳಿದ ಗೆರೆಯ ಬುಡ ಅಗಲ, ತಲೆ ಸಣ್ಣದು ಇರಬೇಕು. ಬುಡವನ್ನೇ ಕೊರೆದರೆ ಐದಾರು ಪ್ರತಿ ತೆಗೆಯುವಷ್ಟರಲ್ಲಿ ಗೆರೆ ಮುರಿಯುತ್ತದೆ.

ಕಾಗದದ ವಿಷಯ. ಪ್ರೆಸ್ ಬದಲು ಕಾಗದದ ಬೆನ್ನನ್ನು ಚಮಚದಲ್ಲಿ ಉಜ್ಜಿ ಅಚ್ಚು ತೆಗೆಯುವವರಿಗೆ 80ರಿಂದ 120 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ, ನುಣುಪಾದ ಹತ್ತಿ ಕಾಗದ ಒಳ್ಳೆಯದು. 250ರ ದಪ್ಪ ಕೈಕಾಗದ ನೋಡಲು ಚೆಂದ, ಆದರೆ ಒಣಗಿದ್ದಾಗ ಚಮಚಕ್ಕೆ ಬಗ್ಗುವುದಿಲ್ಲ, ಅದರ ಒರಟಿನ ತಗ್ಗಿಗೆ ಮಸಿ ಮುಟ್ಟುವುದಿಲ್ಲ. ಅದೇ ಬೇಕೆಂದರೆ ನೀರು ತುಂತುರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದು ಗಂಟೆ ಇಟ್ಟು, ಮೇಲಿನ ಪಸೆ ಒತ್ತಿ ತೆಗೆದು ಬಳಸಬೇಕು. ಬೇಸಿಗೆಯಲ್ಲಿ ಒಂದೊಂದೇ ಹಾಳೆಯನ್ನು ಹೊರತೆಗೆಯಿರಿ. ಹತ್ತು ಹಾಳೆ ಒಟ್ಟಿಗೆ ತೆರೆದಿಟ್ಟರೆ ಕೊನೆಯದು ಒಣಗಿ ಸುರುಳಿಯಾಗಿರುತ್ತದೆ, ಮೊದಲ ಪ್ರತಿಗೂ ಕೊನೆಯ ಪ್ರತಿಗೂ ಕಪ್ಪು ಒಂದೇ ಬರುವುದಿಲ್ಲ. ಇನ್ನೊಂದು ದಾರಿ ಇದೆ. ಹಳೆಯ ಬೈಂಡಿಂಗ್ ಅಂಗಡಿಗಳಲ್ಲಿ ಪುಸ್ತಕ ಒತ್ತುವ ತಿರುಪಿನ ಕಬ್ಬಿಣದ ಪ್ರೆಸ್ ಇರುತ್ತದೆ. ಎ4 ಅಳತೆಯ ಹಲಗೆಗೆ ಅದು ಧಾರಾಳವಾಯಿತು. ಕಾಗದದ ಬೆನ್ನಿಗೆ 3 ಮಿಲಿಮೀಟರಿನ ರಬ್ಬರ್ ಹಾಳೆ ಇಟ್ಟು, ಬಿಗಿಮಾಡಿ ಹತ್ತು ಎಣಿಸಿ ಬಿಡಿ.

ಮಸಿ. ಕಲಾಸಾಮಗ್ರಿಯ ರಿಲೀಫ್ ಇಂಕ್, ಅಂದರೆ ಉಬ್ಬಚ್ಚಿನ ಮಸಿ, ಸಿಕ್ಕರೆ ಸರಿ, ಇಲ್ಲವಾದರೆ ಲಗ್ನಪತ್ರಿಕೆ ಮುದ್ರಿಸುವವರ ಆಫ್‌ಸೆಟ್ ಕಪ್ಪು ನಡೆಯುತ್ತದೆ. ಅದು ಅಂಟು ಜಾಸ್ತಿ, ಕಾಗದದ ನಾರು ಕೀಳುತ್ತದೆ. ಒಂದು ಟೀ ಚಮಚ ಮಸಿಗೆ ಮೂರ್ನಾಲ್ಕು ಹನಿ ಅಗಸೆ ಎಣ್ಣೆ ಹಾಕಿ ಗಾಜಿನ ಮೇಲೆ ಅರೆಯಿರಿ. ಬಿಸಿಲಿಗೆ ತೀರಾ ಸಡಿಲವಾದರೆ ಚಿಟಿಕೆ ಮೆಗ್ನೀಸಿಯಂ ಕಾರ್ಬೊನೇಟ್ ಸೇರಿಸಿ ಗಟ್ಟಿಮಾಡಬಹುದು. ಹದ ಬಂದಿದೆಯೇ ಅನ್ನೋದು ಕಣ್ಣಿಗಿಂತ ಕಿವಿಗೆ ಬೇಗ ಗೊತ್ತಾಗುತ್ತದೆ. ರೇಡಿಯೋದಲ್ಲಿ ಚಿತ್ರಕಲೆಯ ಬಗ್ಗೆ ಹೇಳುವಾಗ ಇದೊಂದು ಅನುಕೂಲ. ರೋಲರ್ ಓಡಿಸುವಾಗ, ಬೆಣ್ಣೆದೋಸೆಯ ಕಾವಲಿಗೆ ನೀರು ಚಿಮುಕಿಸಿದಾಗ ಏಳುವ ಚುಂಯ್ ಸದ್ದು ಇದೆಯಲ್ಲ, ಅದು ತೆಳುವಾಗಿ ಕೇಳಬೇಕು. ಪಚಪಚ ಎಂದರೆ ಮಸಿ ಹೆಚ್ಚಾಯಿತು. ಸದ್ದೇ ಇಲ್ಲವೆಂದರೆ ಸಾಲದು.

ಹೆಚ್ಚಾದ ಮಸಿ ಸಣ್ಣ ಗೆರೆಗಳ ಸಂದಿಗೆ ಇಳಿದು ಚಿತ್ರವನ್ನು ಮುಚ್ಚುತ್ತದೆ, ಕಾಗದ ಜಾರುತ್ತದೆ, ವಾರವಾದರೂ ಒಣಗುವುದಿಲ್ಲ. ಕಡಿಮೆಯಾದರೆ ಕಪ್ಪಿನ ತುಂಬ ಬಿಳಿ ಚುಕ್ಕಿ. ಒಂದು ಸಲ ದಪ್ಪಗೆ ಹಚ್ಚುವ ಬದಲು ತೆಳುವಾಗಿ ಆರೇಳು ಸಲ, ದಿಕ್ಕು ಬದಲಿಸಿ ಹಚ್ಚಿ. ಹೊಸ ಲಿನೋ ಮಸಿ ಕುಡಿಯುವುದರಿಂದ ಮೊದಲ ಎರಡು ಮೂರು ಪ್ರತಿ ಪೇಲವವಾಗಿಯೇ ಬರುತ್ತವೆ, ಅವನ್ನು ಎಣಿಕೆಗೆ ಹಿಡಿಯಬೇಡಿ. ಇನ್ನೊಂದು ದೋಷ ನಮ್ಮ ಗಾಳಿಯದು. ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ಕಿಟಕಿಯಿಂದ ದೂಳನ್ನೂ ತರುತ್ತದೆ. ಮಸಿಯಲ್ಲಿ ಒಂದು ಕಣ ಕೂತರೆ ಅಚ್ಚಿನಲ್ಲಿ ಅದರ ಸುತ್ತ ಬಿಳಿ ಉಂಗುರ ಬೀಳುತ್ತದೆ. ಪ್ರತಿ ಸಲವೂ ಅದೇ ಜಾಗದಲ್ಲಿ ಬಿದ್ದರೆ ಕಣ ಹಲಗೆಯ ಮೇಲಿದೆ, ಜಾಗ ಬದಲಾಗುತ್ತಿದ್ದರೆ ರೋಲರಿನಲ್ಲಿದೆ. ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ ಕೆಲಸ ಮಾಡಿ. ಸೆಕೆಯಾಗುತ್ತದೆ, ನಿಜ.

ಕಾಗದ ಪ್ರತಿ ಸಲ ಒಂದೇ ಜಾಗಕ್ಕೆ ಕೂರಲು ರಟ್ಟಿನ ಮೇಲೆ ಎರಡು ಮೂಲೆಪಟ್ಟಿ ಅಂಟಿಸಿಕೊಳ್ಳಿ, ಒಂದು ಹಲಗೆಗೆ, ಇನ್ನೊಂದು ಕಾಗದಕ್ಕೆ. ಕಾಗದ ಇಳಿಸಿದ ಮೇಲೆ ಬಟರ್ ಪೇಪರ್ ಹಾಸಿ, ಸ್ಟೀಲ್ ಚಮಚದ ಬೆನ್ನಿನಿಂದ ನಡುವಿನಿಂದ ಅಂಚಿಗೆ ಸಣ್ಣ ಸುತ್ತುಗಳಲ್ಲಿ ಉಜ್ಜಿ. ಒಂದು ಮೂಲೆ ಎತ್ತಿ ನೋಡಿ, ಉಳಿದದ್ದನ್ನು ಒತ್ತಿ ಹಿಡಿದಿರಿ. ಸಾಲದಿದ್ದ ಕಡೆ ಮತ್ತೆ ಉಜ್ಜಬಹುದು. ಎಣ್ಣೆಮಸಿ ಒಣಗುವುದು ಗಾಳಿಯ ಆಮ್ಲಜನಕ ಹೀರಿ, ನೀರಿನಂತೆ ಆವಿಯಾಗಿ ಅಲ್ಲ. ಆದ್ದರಿಂದ ಪ್ರತಿಗಳನ್ನು ಒಂದರ ಮೇಲೊಂದು ಪೇರಿಸದೆ ದಾರಕ್ಕೆ ಕ್ಲಿಪ್ ಹಾಕಿ ತೂಗುಬಿಡಿ. ನಾಲ್ಕರಿಂದ ಏಳು ದಿನ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹಲಗೆ, ರೋಲರ್ ತೊಳೆಯಲು ಮೊದಲು ಅಡುಗೆ ಎಣ್ಣೆ, ಆಮೇಲೆ ಸೋಪಿನ ನೀರು ಸಾಕು. ಸೀಮೆಎಣ್ಣೆಯ ವಾಸನೆ ಮನೆಯವರ ತಾಳ್ಮೆ ಕೆಡಿಸುತ್ತದೆ.

ಈಗ ಎಣಿಕೆ. ಹದಿನೈದರ ಎಡಿಷನ್, ಅಂದರೆ ಲೆಕ್ಕ ಬರೆದ ಹದಿನೈದು ಪ್ರತಿಗಳ ಕಂತೆ, ಬೇಕೆಂದರೆ ಇಪ್ಪತ್ತೆರಡು ಹಾಳೆ ತಯಾರಿಟ್ಟುಕೊಳ್ಳಿ. ಒಪ್ಪಿಗೆಯಾದ ಒಂದು ಪ್ರತಿಯನ್ನು ಮುಂದೆ ತೂಗುಹಾಕಿ, ಮಿಕ್ಕದ್ದನ್ನೆಲ್ಲ ಅದರ ಜೊತೆ ಹೋಲಿಸಿ. ಹೊಂದದ್ದು ಹರಿದುಹಾಕಿ. ಈ ಹರಿಯುವ ಕೆಲಸದಲ್ಲೇ ಹೆಚ್ಚಿನವರ ಕೈ ನಡುಗುತ್ತದೆ. ಕಾಗದದ ಕೆಳಗೆ ಎಡಕ್ಕೆ ಸಂಖ್ಯೆ, ನಡುವೆ ಶೀರ್ಷಿಕೆ, ಬಲಕ್ಕೆ ಸಹಿ ಮತ್ತು ಇಸವಿ, ಎಲ್ಲವೂ ಪೆನ್ಸಿಲಿನಲ್ಲಿ. ಪೆನ್ನಿನ ಶಾಯಿ ಮಾಸುತ್ತದೆ, ಹರಡುತ್ತದೆ. ಕಲಾವಿದರ ಪಾಲಿನ ಪ್ರತಿ, ಅಂದರೆ ಆರ್ಟಿಸ್ಟ್ ಪ್ರೂಫ್, ಎಡಿಷನ್ನಿನ ಹತ್ತನೇ ಒಂದು ಭಾಗದ ಆಸುಪಾಸು ಇರುವುದು ರೂಢಿ. ಹದಿನೈದಕ್ಕೆ ಒಂದು, ಹೆಚ್ಚೆಂದರೆ ಎರಡು. ಅವಕ್ಕೆ ಎ.ಪಿ. ಎಂದು ಬರೆಯಿರಿ. ಎ.ಪಿ. ಹೆಸರಲ್ಲಿ ಹತ್ತು ಪ್ರತಿ ಮಾರುವುದು ಎಡಿಷನ್ನನ್ನು ಕಳ್ಳತನದಲ್ಲಿ ಬೆಳೆಸಿದ ಹಾಗೆ.

ಚೌಕಟ್ಟಿನ ವಿಷಯದಲ್ಲಿ ಒಂದು ಎಚ್ಚರ. ನಮ್ಮೂರ ಫ್ರೇಮಿನ ಅಂಗಡಿಯವರ ಕೈ ಪಳಗಿರುವುದು ದೇವರ ಪಟಕ್ಕೆ. ಚಿತ್ರವನ್ನು ರಟ್ಟಿಗೆ ಗೋಂದು ಹಚ್ಚಿ ಅಂಟಿಸಿ, ಗಾಜಿಗೆ ತಾಗಿಸಿ ಬಿಗಿದುಕೊಡುತ್ತಾರೆ. ಅಚ್ಚಿನ ಚಿತ್ರಕ್ಕೆ ಅದು ಆಗದು. ಗಾಜಿಗೆ ತಾಗಿದ ಮಸಿ ಮಳೆಗಾಲದಲ್ಲಿ ಅಂಟುತ್ತದೆ, ಬೂಷ್ಟು ಹಿಡಿಯುತ್ತದೆ. ಹಿಂದಿನ ಹಳದಿ ರಟ್ಟಿನ ಆಮ್ಲ ಕೆಲವು ವರ್ಷಗಳಲ್ಲಿ ಕಾಗದವನ್ನು ಕಂದು ಮಾಡುತ್ತದೆ. ಆಮ್ಲರಹಿತ ಮೌಂಟ್ ಬೋರ್ಡಿನಲ್ಲಿ ಕಿಟಕಿ ಕತ್ತರಿಸಿ, ಸಹಿ ಮತ್ತು ಸಂಖ್ಯೆ ಕಾಣುವ ಹಾಗೆ ಕೆಳಗೆ ಜಾಗ ಬಿಡಿಸಿ, ಗಾಜಿಗೂ ಚಿತ್ರಕ್ಕೂ ಕನಿಷ್ಠ ಬೋರ್ಡಿನ ದಪ್ಪದಷ್ಟಾದರೂ ಅಂತರ ಇರಲಿ ಎಂದು ನಿಂತು ಹೇಳಿ. ಚಿತ್ರವನ್ನು ಮೇಲಂಚಿನಲ್ಲಿ ಮಾತ್ರ, ತೆಳು ಕಾಗದದ ಎರಡು ತುಂಡಿನಿಂದ, ಗೋಧಿ ಗಂಜಿಯ ಅಂಟಿನಲ್ಲಿ ತೂಗಿಸಬೇಕು. ಬೈಂಡಿಂಗಿನವರು ಹುಳ ಬಾರದಿರಲೆಂದು ಅಂಟಿಗೆ ಹಾಕುವ ಮೈಲುತುತ್ತ ಇಲ್ಲಿ ಬೇಡ, ಕಲೆಯಾಗುತ್ತದೆ. ಸೆಲ್ಲೋಟೇಪಂತೂ ದೂರ.

ಸಭಾಂಗಣದ ಗೋಡೆಯಲ್ಲಿ ಚಿತ್ರದ ನಡು ನೆಲದಿಂದ 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿ ಬರಲಿ. ಬಿಸಿಲು ನೇರ ಬೀಳುವ ಗೋಡೆ ಬಿಡಿ. ಚೀಟಿಯಲ್ಲಿ ಶೀರ್ಷಿಕೆ, ಇಸವಿ, ಮಾಧ್ಯಮ, ಅಳತೆ, ಎಡಿಷನ್ ಸಂಖ್ಯೆ, ಫ್ರೇಮ್ ಇದ್ದ ಬೆಲೆ, ಇಲ್ಲದ ಬೆಲೆ. ಒಂದು ಮೇಜಿನ ಮೇಲೆ ಕೆತ್ತಿದ ಹಲಗೆ, ಪಕ್ಕದಲ್ಲಿ ಅರ್ಧ ಕೆತ್ತಿದಾಗ ತೆಗೆದ ಪ್ರೂಫ್, ಅಂದರೆ ಪರೀಕ್ಷೆಯ ಪ್ರತಿ, ಇಟ್ಟುಬಿಡಿ. ಜೆರಾಕ್ಸಿನ ಪ್ರಶ್ನೆ ಅಲ್ಲಿ ಮುಗಿಯುತ್ತದೆ. ಎಲ್ಲವನ್ನೂ ಫ್ರೇಮ್ ಹಾಕಿಸಿ ಸಾಲಮಾಡಿಕೊಳ್ಳಬೇಡಿ. ಎಂಟು ಚಿತ್ರ ಗೋಡೆಗೆ, ಮಿಕ್ಕವು ಗಟ್ಟಿ ಬೋರ್ಡಿನ ಜೊತೆ ಪಾರದರ್ಶಕ ಚೀಲದಲ್ಲಿ. ಬೆಂಗಳೂರಿನ ಚಿತ್ರಸಂತೆಗೆ ಬಸ್ಸಿನಲ್ಲಿ ಹೊರುವವರಿಗೂ ಚೀಲವೇ ಅನುಕೂಲ.

ಬೆಲೆಗೆ ಒಂದು ಮಾದರಿ ಲೆಕ್ಕ. ಲಿನೋ 300 ರೂಪಾಯಿ, ಇಪ್ಪತ್ತೆರಡು ಹಾಳೆ 60ರಂತೆ 1,320, ಮಸಿ ಮತ್ತು ಸ್ವಚ್ಛತೆಗೆ 200, ಆರು ದಿನದ ದುಡಿಮೆ 800ರಂತೆ 4,800. ಒಟ್ಟು 6,620. ಇದನ್ನು ಹದಿನೈದರಿಂದ ಭಾಗಿಸಿ 441 ಬಂತು ಎಂದು ಹಿಗ್ಗಬಾರದು, ಹದಿನೈದೂ ಮೊದಲ ವರ್ಷವೇ ಹೋಗುವುದಿಲ್ಲ. ಐದು ಹೋಗುತ್ತವೆ ಎಂದು ಹಿಡಿದರೆ ಒಂದಕ್ಕೆ 1,324. ಗ್ಯಾಲರಿಯವರು ನೂರಕ್ಕೆ ಮೂವತ್ತು ಹಿಡಿದರೆ ಬೆಲೆ 1,900ರ ಹತ್ತಿರ ಇಡಬೇಕಾಗುತ್ತದೆ. ಮನೆಗೆ ಬಂದು ಕೇಳಿದವರಿಗೂ ಅದೇ ಬೆಲೆ ಹೇಳಿ. ಪರಿಚಯದವರಿಗೆ ಸಾವಿರಕ್ಕೆ ಕೊಟ್ಟ ಸುದ್ದಿ ಮಂಡಿಪೇಟೆ ದಾಟುವಷ್ಟರಲ್ಲಿ ಗ್ಯಾಲರಿಗೂ ಮುಟ್ಟಿರುತ್ತದೆ.

ಕೊನೆಗೆ ಒಂದು ರಿಜಿಸ್ಟರ್. ಪ್ರತಿ ಸಂಖ್ಯೆ ಯಾರಿಗೆ, ಯಾವ ತಾರೀಖು, ಎಷ್ಟಕ್ಕೆ ಎಂದು ಬರೆದಿಡಿ. ಎಡಿಷನ್ ಮುಗಿದ ಮೇಲೆ ಹಲಗೆಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಕೊರೆದು ರದ್ದುಮಾಡಿ, ಆ ಗೆರೆಯ ಸಮೇತ ಒಂದು ಪ್ರತಿ ತೆಗೆದು ರಿಜಿಸ್ಟರಿನ ಜೊತೆಗೇ ಇಡಿ. ಪಿನ್ ಚುಚ್ಚಬೇಡಿ, ತುಕ್ಕು ಹಿಡಿಯುತ್ತದೆ. ಲಕೋಟೆಯಲ್ಲಿ ಹಾಕಿದರೆ ಸಾಕು.

ನಮಸ್ಕಾರ.