ಕೆಂಪು ಚುಕ್ಕೆಯ ಲೋಟ

ಶ್ರೋತೃಗಳಿಗೆ ನಮಸ್ಕಾರ.

ತೀರ್ಥಹಳ್ಳಿ ಸೀಮೆಯ ಒಂದು ತೋಟದ ಮನೆಗೆ ಆಷಾಢದ ಮಳೆಯಲ್ಲಿ ರೋಗಿಯನ್ನು ನೋಡಲು ಹೋಗಿದ್ದೆ. ಜಗುಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಅಜ್ಜಿಯ ಕಾಫಿ ಲೋಟದ ಬುಡದಲ್ಲಿ ಉಗುರುಬಣ್ಣದ ಕೆಂಪು ಚುಕ್ಕೆಯೊಂದಿತ್ತು. ಮನೆಯ ಉಳಿದ ಲೋಟಗಳೊಂದಿಗೆ ಅದು ಬೆರೆಯದಿರಲೆಂದು ಇಟ್ಟ ಗುರುತು. ಹತ್ತು ವರ್ಷಗಳಿಂದ ಕೆಮ್ಮುತ್ತಿದ್ದ ಆಕೆಯ ಹತ್ತಿರ ಮೂರು ವರ್ಷದ ಮೊಮ್ಮಗ ಸುಳಿಯುವಂತಿರಲಿಲ್ಲ. “ಅತ್ತೆಗೆ ಎದೆಯಲ್ಲಿ ಸೋಂಕಿದೆ ಡಾಕ್ಟ್ರೇ, ಮಗುವಿಗೆ ಅಂಟಿದರೆ ಏನು ಮಾಡೋದು?” ಎಂದು ಸೊಸೆ ಕೇಳಿದರು. ಹೆದರಿಕೆಯಿಂದ ಬಂದ ಪ್ರಶ್ನೆ ಅದು. ಉತ್ತರ ಹೇಳಬೇಕಾಗಿದ್ದ ವೈದ್ಯರು, ನನ್ನನ್ನೂ ಸೇರಿಸಿ, ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಆ ಮನೆಯವರಿಗೆ ಬಿಡಿಸಿ ಹೇಳಿರಲಿಲ್ಲ.

ಶ್ವಾಸಕೋಶದಲ್ಲಿ ಬಹುಕಾಲ ಬೀಡುಬಿಡುವ ಬ್ಯಾಕ್ಟೀರಿಯಾಗಳಲ್ಲಿ ಮನೆಮಂದಿ ನಿಜವಾಗಿ ಹೆದರಬೇಕಾದದ್ದು ಕ್ಷಯದ್ದು. 1882ರಲ್ಲಿ ರಾಬರ್ಟ್ ಕಾಕ್ ಗುರುತಿಸಿದ ಈ ಕ್ರಿಮಿ ಗಾಳಿಯ ಮೂಲಕ ಹರಡುತ್ತದೆ. ರೋಗಿ ಕೆಮ್ಮಿದಾಗ ಹೊರಬೀಳುವ ಅತಿಸೂಕ್ಷ್ಮ ಹನಿಗಳು ಆರಿ, ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ತೇಲಬಲ್ಲವು. ತಟ್ಟೆ, ಲೋಟ, ಬಟ್ಟೆಗಳಿಂದ ಅದು ದಾಟುವುದಿಲ್ಲ. ನಮ್ಮ ಮಲೆನಾಡಿನಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರಿನವರೆಗೆ ಇರಚಲು ಹೊಡೆಯುತ್ತದೆಂದು ಕಿಟಕಿ ಮುಚ್ಚಿ, ಬೆಚ್ಚಗಿರಲೆಂದು ನಾಲ್ಕೈದು ಜನ ಒಂದೇ ಕೋಣೆಯಲ್ಲಿ ಮಲಗುತ್ತೇವೆ. ಲೋಟವನ್ನು ಬೇರೆ ಮಾಡಿ ಗಾಳಿಯನ್ನು ಮಾತ್ರ ಹಂಚಿಕೊಳ್ಳುವ ಈ ಏರ್ಪಾಡು ಕ್ಷಯಕ್ಕೆ ಬಹಳ ಅನುಕೂಲ. ಆದರೂ ಕ್ರಿಮಿ ಒಳಹೊಕ್ಕವರೆಲ್ಲ ರೋಗಿಗಳಾಗುವುದಿಲ್ಲ. ಜೀವಮಾನದಲ್ಲಿ ನೂರಕ್ಕೆ ಐದರಿಂದ ಹತ್ತು ಜನರಿಗೆ ರೋಗ ಬರುತ್ತದೆ. ಐದು ವರ್ಷದೊಳಗಿನ ಮಕ್ಕಳಿಗೆ, ಸಕ್ಕರೆ ಕಾಯಿಲೆಯವರಿಗೆ, ಎಚ್‌ಐವಿ ಇರುವವರಿಗೆ ಅಪಾಯ ಹೆಚ್ಚು.

ಕ್ಷಯರೋಗಿಯನ್ನು ಮನೆಯಿಂದ ದೂರ ಒಯ್ದು ಸ್ಯಾನಟೋರಿಯಂನಲ್ಲಿ, ಎಂದರೆ ಕ್ಷಯದವರನ್ನು ಬಹುಕಾಲ ಇರಿಸಿಕೊಳ್ಳುವ ಆಸ್ಪತ್ರೆಯಲ್ಲಿ, ಇಡಲೇಬೇಕೆಂಬ ನಂಬಿಕೆ ಅಲುಗಾಡಿದ್ದು ನಮ್ಮ ದೇಶದಲ್ಲೇ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಬಡ ರೋಗಿಗಳಲ್ಲಿ ಕೆಲವರಿಗೆ ಮನೆಯಲ್ಲಿ, ಕೆಲವರಿಗೆ ಸ್ಯಾನಟೋರಿಯಂನಲ್ಲಿ ಒಂದೇ ಔಷಧಗಳನ್ನು ಕೊಟ್ಟು ನೋಡಿದರು. ಇಕ್ಕಟ್ಟಾದ ಮನೆಗಳಲ್ಲೇ ಉಳಿದು ಔಷಧ ತೆಗೆದುಕೊಂಡವರ ಮನೆಮಂದಿಗೆ, ಸ್ಯಾನಟೋರಿಯಂಗೆ ಹೋದವರ ಮನೆಮಂದಿಗಿಂತ ಹೆಚ್ಚಾಗಿ ರೋಗ ತಗಲಲಿಲ್ಲ. ಕಾರಣ ಸರಳವಾದದ್ದು: ಕ್ರಿಮಿಗೆ ತಕ್ಕ ಔಷಧ ಶುರುವಾದ ಸುಮಾರು ಎರಡು ವಾರಗಳಲ್ಲೇ ಹರಡುವ ಶಕ್ತಿ ಬಹುಮಟ್ಟಿಗೆ ಇಳಿದುಹೋಗುತ್ತದೆ, ಹೆಚ್ಚಿನ ಅಪಾಯವೆಲ್ಲ ರೋಗ ಗುರುತಾಗುವುದಕ್ಕೆ ಮೊದಲಿನದು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಮನೆಯ ಉಳಿದವರನ್ನೂ ಪರೀಕ್ಷಿಸಿ, ರೋಗವಿಲ್ಲವೆಂದು ಖಚಿತವಾದ ಮೇಲೆ ಮುನ್ನೆಚ್ಚರಿಕೆಯ ಮಾತ್ರೆ ಕೊಡುವ ವ್ಯವಸ್ಥೆಯಿದೆ. ಚಿಕ್ಕ ಮಕ್ಕಳಿಗಂತೂ ಅದನ್ನು ತಪ್ಪಿಸಬಾರದು.

ಈಗ ಆ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ರಾತ್ರಿಯ ಕಫವನ್ನು ಗಾಜಿನ ಬಾಟಲಿಯಲ್ಲಿ ಹಿಡಿದಿಡಲು ಹೇಳಿದ್ದೆ. ಬೆಳಿಗ್ಗೆ ಬೆಳಕಿಗೆ ಹಿಡಿದು ನೋಡಿದರೆ ಮೇಲೆ ನೊರೆ, ನಡುವೆ ಕದಡಿದ ನೀರು, ತಳದಲ್ಲಿ ಹಸಿರು ಕೀವು, ಹೀಗೆ ಮೂರು ಪದರಗಳಾಗಿ ಅದು ನಿಂತಿತ್ತು. ಹಳೆಯ ವೈದ್ಯರು ಈ ಪದರಗಳನ್ನು ನೋಡಿಯೇ ಬ್ರಾಂಕಿಯೆಕ್ಟಾಸಿಸ್ ಇರಬಹುದೆಂದು ಊಹಿಸುತ್ತಿದ್ದರು. ಶ್ವಾಸನಾಳಗಳು ಶಾಶ್ವತವಾಗಿ ಹಿಗ್ಗಿ, ಕಫ ಮೇಲೇರದೆ ಮಡುಗಟ್ಟಿ, ಅದರಲ್ಲಿ ಬ್ಯಾಕ್ಟೀರಿಯಾಗಳು ಮನೆ ಮಾಡುವ ಕಾಯಿಲೆ ಇದು. ಬಾಲ್ಯದ ನಾಯಿಕೆಮ್ಮು, ದಡಾರದ ನಂತರದ ನ್ಯುಮೋನಿಯಾ, ವಾಸಿಯಾದ ಹಳೆಯ ಕ್ಷಯ ಇವೆಲ್ಲ ಅದಕ್ಕೆ ಕಾರಣವಾಗಬಹುದು. ಶಿವಮೊಗ್ಗದಲ್ಲಿ ಮಾಡಿಸಿದ ಪರೀಕ್ಷೆಗಳಲ್ಲಿ ಕ್ಷಯ ಕಾಣಲಿಲ್ಲ. ಸ್ಕ್ಯಾನ್ ನಮ್ಮ ಊಹೆಯನ್ನು ಖಚಿತಪಡಿಸಿತು, ಕಫದಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಿತು.

ಈ ಸ್ಯೂಡೋಮೊನಾಸ್ ಮಣ್ಣಿನಲ್ಲಿ, ನೀರಿನಲ್ಲಿ, ಬಚ್ಚಲ ಮೋರಿಯಲ್ಲಿ ಎಲ್ಲೆಡೆ ಇರುವಂಥದ್ದು. ಆರೋಗ್ಯವಂತರ ಶ್ವಾಸಕೋಶದಲ್ಲಿ ಅದಕ್ಕೆ ನೆಲೆ ಸಿಗುವುದಿಲ್ಲವಾದ್ದರಿಂದ ಮೊಮ್ಮಗ ಅಜ್ಜಿಯ ತೊಡೆಯ ಮೇಲೆ ಧಾರಾಳವಾಗಿ ಕೂರಬಹುದೆಂದು ಹೇಳಿದೆ. ಸೊಸೆಗೆ ಆಶ್ಚರ್ಯವಾಗಿದ್ದು ಮುಂದಿನ ಮಾತಿಗೆ: ಆ ಮನೆಯಲ್ಲಿ ಅಪಾಯ ಹರಿಯುತ್ತಿದ್ದದ್ದು ತಿರುಗಾ ದಿಕ್ಕಿನಲ್ಲಿ. ಅಂಗನವಾಡಿಯಿಂದ ಮಗು ತರುವ ನೆಗಡಿಯೇ ಅಜ್ಜಿಯ ಎದೆಯನ್ನು ಕೆದಕಿ, ಕಫ ಹೆಚ್ಚಿಸಿ, ಆಸ್ಪತ್ರೆಗೆ ಸೇರಿಸಬಲ್ಲದು. ಮನೆಯಲ್ಲಿ ಇನ್ನೊಬ್ಬರಿಗೂ ಬ್ರಾಂಕಿಯೆಕ್ಟಾಸಿಸ್ ಅಥವಾ ಸಿಸ್ಟಿಕ್ ಫೈಬ್ರೋಸಿಸ್ (ಹುಟ್ಟಿನಿಂದಲೇ ಬರುವ, ಎದೆಯಲ್ಲಿ ಅಂಟು ಕಫ ಕಟ್ಟುವ ಕಾಯಿಲೆ) ಇದ್ದರೆ, ಕ್ಯಾನ್ಸರ್ ಚಿಕಿತ್ಸೆ ನಡೆಯುತ್ತಿದ್ದರೆ ಮಾತ್ರ ವೈದ್ಯರನ್ನು ಕೇಳಿ ಅಂತರ ಕಾಪಾಡಿಕೊಳ್ಳಬೇಕು. ಸಿಸ್ಟಿಕ್ ಫೈಬ್ರೋಸಿಸ್ ಇರುವವರ ನಡುವೆ ಈ ಬ್ಯಾಕ್ಟೀರಿಯಾ ದಾಟುತ್ತದೆ.

ಕರಾವಳಿಯಲ್ಲಿ ಮಳೆಗಾಲದ ಹೊತ್ತಿಗೆ ಹೆಚ್ಚಾಗಿ ಕಾಣಿಸಿಕೊಳ್ಳುವ ಮೆಲಿಯಾಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕನ್ನು ಘಟ್ಟದ ಮೇಲಿನವರೂ ಮರೆಯಬಾರದು. ಕೆಸರುಗದ್ದೆಯ ಮಣ್ಣು, ನೀರುಗಳಿಂದ, ವಿಶೇಷವಾಗಿ ಸಕ್ಕರೆ ಕಾಯಿಲೆಯವರಿಗೆ ತಗಲುವ ಇದು ಕ್ಷಯದ ವೇಷದಲ್ಲಿ ತಿಂಗಳುಗಟ್ಟಲೆ ಕಾಡಬಹುದು. ಮನುಷ್ಯರಿಂದ ಮನುಷ್ಯರಿಗೆ ದಾಟುವುದು ತೀರಾ ಅಪರೂಪ.

ಹಾಗಾದರೆ ಯಾರ ಲೋಟವನ್ನೂ ಬೇರೆ ಮಾಡುವುದು ಬೇಡ, ಕಫ ಪರೀಕ್ಷೆಯಾಗದೆ ಯಾರ ಕೆಮ್ಮನ್ನೂ ‘ಇದು ಹಳೆಯದೇ ಬಿಡಿ’ ಎಂದು ಕಡೆಗಣಿಸುವುದೂ ಬೇಡ. ಹಿಂದೆ ಕ್ಷಯ ವಾಸಿಯಾದವರ ಕೆಮ್ಮು ಶ್ವಾಸಕೋಶದಲ್ಲಿ ಉಳಿದ ಹಳೆಯ ಗಾಯದ ಕಲೆಯಿಂದಷ್ಟೇ ಬಂದದ್ದಾಗಿರಬಹುದು, ಮರುಕಳಿಸಿದ ಕ್ಷಯವೂ ಆಗಿರಬಹುದು. ಎರಡು ವಾರ ಮೀರಿದ ಕೆಮ್ಮು, ಕಫದಲ್ಲಿ ರಕ್ತ, ಸಂಜೆಯ ಜ್ವರ, ತೂಕ ಇಳಿಯುವುದು ಇವುಗಳಲ್ಲಿ ಯಾವುದಿದ್ದರೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಇಲ್ಲವೇ ಊರಿನ ಆಶಾ ಕಾರ್ಯಕರ್ತೆಗೆ ತಿಳಿಸಿ. ಅವರು ಕೊಡುವ ಡಬ್ಬಿಗೆ ಬಹಳ ಜನ ಉಗುಳು ತುಂಬಿ ಕಳಿಸುತ್ತಾರೆ, ಅದರಲ್ಲಿ ಏನೂ ಸಿಗುವುದಿಲ್ಲ. ಬೆಳಿಗ್ಗೆ ಎದ್ದು ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಮನೆಯೊಳಗೆ ಬೇಡ, ಅಂಗಳಕ್ಕೆ ಬಂದು, ಎರಡು ಮೂರು ಸಲ ದೀರ್ಘವಾಗಿ ಉಸಿರೆಳೆದು, ಎದೆಯಾಳದಿಂದ ಕೆಮ್ಮಿ ತೆಗೆದ ಗಟ್ಟಿ ಕಫ ಒಂದು ಚಮಚದಷ್ಟಿದ್ದರೂ ಸಾಕು.